ಇಪ್ಪತ್ತಮೂರನೆಯ ಸಾಲು

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಸುಮ್ಮನಿರುವ ಜಾಯಮಾನವೂ ನನ್ನದಲ್ಲ. ಹಲ್ಲಿ ಲೊಚಗುಟ್ಟಿತೆಂದು ನಮ್ಮ ಸೋದರತ್ತೆ ಒಮ್ಮೆ ಪ್ರಯಾಣ ನಿಲ್ಲಿಸಿದಾಗ, ಊಟದ ಪಂಕ್ತಿಯಲ್ಲೇ ಹಂಗಿಸಿ ಅವರನ್ನು ಅಳಿಸಿದವನು ನಾನು. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಅಣುವಿದ್ಯುತ್ ಸ್ಥಾವರಗಳು ತಮ್ಮ ಇಂಧನವನ್ನು ಎಲ್ಲಿಯವರೆಗೆ ಕಾಯಿಸಬಹುದು ಎಂಬ ಮಿತಿಯನ್ನು ಪರಿಶೀಲಿಸುವ ಕಚೇರಿಯಲ್ಲಿ ನಾನಿದ್ದೆ. ಇದು ಅರ್ಥವಾಗಬೇಕಾದರೆ ರೊಟ್ಟಿ ಸುಡುವ ಹಂಚನ್ನು ನೆನೆಸಿಕೊಳ್ಳಿ. ಹದವಾಗಿ ಕಾದ ಹಂಚಿಗೆ ನೀರು ಚಿಮುಕಿಸಿದರೆ ಚುಂಯ್ ಎಂದು ಆವಿಯಾಗುತ್ತದೆ, ಹೋಗುವಾಗ ಹಂಚಿನ ಬಿಸಿಯನ್ನೂ ಒಯ್ಯುತ್ತದೆ. ಹದ ಮೀರಿ ಕಾದಿದ್ದರೆ ಹನಿ ಹಂಚಿಗೆ ತಾಗದೆ ಮಣಿಯಂತೆ ಉರುಳಾಡುತ್ತದೆ. ಸ್ಥಾವರದೊಳಗೆ ಇಂಧನದ ಕಡ್ಡಿಗಳನ್ನು ತಣಿಸುವ ನೀರಿನ ಕತೆಯೂ ಇಷ್ಟೇ. ಹದ ಮೀರಿದರೆ ನೀರು ಬಿಸಿಯನ್ನು ಒಯ್ಯುವುದಿಲ್ಲ. ಕಡ್ಡಿಯ ಲೋಹದ ಕವಚ ಬಿರಿಯುತ್ತದೆ. ಒಳಗಿನ ವಿಷ ನೀರಿಗೆ ಸೇರುತ್ತದೆ. ಆ ಅಪಾಯದಿಂದ ನಾವು ಎಷ್ಟು ದೂರದಲ್ಲಿದ್ದೇವೆ ಎಂದು ಹೇಳುವ ಅಂಕಿಗಳನ್ನು ನೋಡಿ ಸಹಿ ಹಾಕುವುದು ನನ್ನ ಉದ್ಯೋಗ. ಅಂಕಿ ದೊಡ್ಡದಿದ್ದಷ್ಟೂ ಕ್ಷೇಮ.

ಈ ಕೆಲಸ ಕಲಿಸಿದವರು ಗುರುಸಿದ್ದಪ್ಪನವರು. ಅವರು ಹಿರಿಯೂರು ತಾಲ್ಲೂಕಿನ ಧರ್ಮಪುರದವರು, ನಾನು ಹೊಳಲ್ಕೆರೆಯ ಕಡೆ ರಾಮಗಿರಿಯವನು. ಒಂದೇ ಜಿಲ್ಲೆಯವನೆಂದು ಹತ್ತಿರ ಸೇರಿಸಿದ್ದರು, ಅದಕ್ಕೇ ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದರು. ಅವರದೊಂದು ಪದ್ಧತಿಯಿತ್ತು. ಸ್ಥಾವರದವರು ಕೊಟ್ಟ ಅಂಕಿಗಳ ಪಟ್ಟಿಯನ್ನು ಒಬ್ಬ ಗಟ್ಟಿಯಾಗಿ ಓದಬೇಕು. ಇನ್ನೊಬ್ಬ ಪ್ರಯೋಗ ನಡೆದಾಗ ಬರೆದ ಮೂಲ ದಾಖಲೆಯ ಮೇಲೆ ಬೆರಳಿಟ್ಟುಕೊಂಡು ಒಂದೊಂದು ಅಂಕಿಗೂ "ಹೂಂ" ಅನ್ನಬೇಕು. ತಪ್ಪಿದ್ದರೆ ಸುಮ್ಮನಿರಬೇಕು, ಅಷ್ಟೇ.

"ನಮ್ಮಜ್ಜಿ ಕತೆ ಹೇಳಾಗ ನಾವು ಹೂಂ ಅನ್ಲಿಲ್ಲ ಅಂದ್ರೆ ಅಲ್ಲಿಗೇ ನಿಲ್ಸಿಬಿಡಾಳು. ಇಲ್ಲೂ ಹಂಗೇ. ಹೂಂ ಬರ್ದಿದ್ರೆ ಮುಂದಕ್ಕೆ ಹೋಗಂಗಿಲ್ಲ ಕಣಲೇ" ಎನ್ನುತ್ತಿದ್ದರು.

ಅವರು ನಿವೃತ್ತರಾದ ಮೇಲೆ ಇದನ್ನು ಅಜ್ಜಿಕತೆ ಎಂದು ಗೇಲಿ ಮಾಡಿ ಕೈಬಿಟ್ಟೆವು. ಸ್ಥಾವರದವರ ಕಡತ, ನಮ್ಮ ಕಡತ ಎರಡನ್ನೂ ಕಂಪ್ಯೂಟರು ಕ್ಷಣದಲ್ಲಿ ತಾಳೆ ನೋಡಿ ಹೇಳುತ್ತಿತ್ತು. ಗೇಲಿ ಮಾಡಿದವರಲ್ಲಿ ನಾನೇ ಮುಂದಿದ್ದೆ.

ಕೆಲವು ವರ್ಷಗಳ ಹಿಂದೆ ದೂರದ ರಾಜ್ಯವೊಂದರ ಸ್ಥಾವರ ಹೊಸ ಬಗೆಯ ಇಂಧನಕ್ಕೆ ಮಿತಿಯನ್ನು ಸ್ವಲ್ಪ ಏರಿಸಿಕೊಡಿ ಎಂದು ಕೇಳಿತು. ಆ ಇಂಧನದ ಪ್ರಯೋಗಗಳು ನಡೆದದ್ದೇ ಗುರುಸಿದ್ದಪ್ಪನವರು ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ. ಒಪ್ಪಿಗೆ ಕೊಡುವ ಸಭೆಗೆ ಇನ್ನೂ ಒಂದು ವಾರವಿತ್ತು. ನಾನು ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಊರಿಗೆ ಬಂದೆ, ಬರುವಾಗ ಆ ಸ್ಥಾವರದ ಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಆ ಕಾಗದ ಕಚೇರಿಯ ಹೊಸಿಲು ದಾಟುವಂತಿರಲಿಲ್ಲ. ಕೇಳುವವರು ಯಾರು ಎಂಬ ಧಿಮಾಕು.

ಮರುದಿನ ಹಿರಿಯೂರಿಗೆ ಹೋದೆ. ಲಕ್ವ ಹೊಡೆದು ಗುರುಸಿದ್ದಪ್ಪನವರು ಮಗಳು ಸರೋಜಮ್ಮನ ಮನೆಯಲ್ಲಿ ಮಲಗಿದ್ದಾರೆಂದು ತಿಳಿದು ತಿಂಗಳುಗಳಾಗಿದ್ದವು. ಆಕೆ ಶಾಲೆಯ ಟೀಚರು. ಬಾಗಿಲಲ್ಲೇ ಹೇಳಿದರು.

"ಬರ್ರಿ ಅಣ್ಣ, ಕುಂತ್ಕಳ್ರಿ. ಅಪ್ಪಾಜಿಗೆ ಯಾರ್ ಬಂದ್ರೂ ಗೊತ್ತಾಗಲ್ಲ. ಏಳು ತಿಂಗ್ಳಾತು, ಒಂದು ಸೊಲ್ಲಿಲ್ಲ. ತಿಳುವಳಿಕೇನೂ ಹೋಗೈತೆ ಅಂದ್ರು ಡಾಕ್ಟ್ರು."

ಮಧ್ಯಾಹ್ನ ಮೂರರ ಹೊತ್ತು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಆಕೆ ಟೀ ಕಾಯಿಸಲು ಒಳಗೆ ಹೋದರು. ಗುರುಸಿದ್ದಪ್ಪನವರು ಗೋಡೆಗೆ ಮುಖ ಮಾಡಿ ಮಲಗಿದ್ದರು, ಕಣ್ಣು ಅರೆತೆರೆದಿತ್ತು. ಏನು ಮಾತಾಡುವುದೆಂದು ತೋಚದೆ ಪಟ್ಟಿಯನ್ನು ತೆಗೆದೆ. "ಸರ್, ಸಹಿ ಹಾಕೋಕೆ ಮುಂಚೆ ನಿಮಗೊಂದ್ಸಾರಿ ಓದ್ತೀನಿ, ಬೈಬ್ಯಾಡ್ರಿ" ಎಂದು ತಮಾಷೆಯಾಗಿ ಹೇಳಿ ಮೊದಲ ಅಂಕಿ ಓದಿದೆ.

"ಹೂಂ" ಎಂದರು.

ಗಂಟಲು ಕಟ್ಟಿದ ದನಿ, ಆದರೆ ಅವರದೇ. ಎರಡನೆಯದನ್ನು ಓದಿದೆ. ಹೂಂ. ಮೂರನೆಯದು. ಹೂಂ. ಸರೋಜಮ್ಮ ಟೀ ಸೋಸುವ ಜಾಲರಿ ಹಿಡಿದುಕೊಂಡೇ ಓಡಿಬಂದರು. "ಯಾರಣ್ಣ ಹೂಂ ಅಂದಿದ್ದು? ಅಪ್ಪಾಜೀನಾ?" ಎಂದು ಕೇಳಿ ಮಂಚದ ಕಾಲು ಹಿಡಿದು ಕೂತುಬಿಟ್ಟರು. ನಾನು ಓದುತ್ತಲೇ ಹೋದೆ.

ಇಪ್ಪತ್ತೆರಡನೆಯ ಸಾಲು: ಒಂದು ಪಾಯಿಂಟ್ ಮೂರು ಏಳು. ಹೂಂ. ಇಪ್ಪತ್ತಮೂರನೆಯ ಸಾಲಿನಲ್ಲೂ ಅದೇ ಅಂಕಿ. ಓದಿದೆ. ಸದ್ದಿಲ್ಲ. ದಣಿದಿರಬೇಕೆಂದು ಕಾದು ಮತ್ತೆ ಓದಿದೆ. ಇಲ್ಲ. ಇಪ್ಪತ್ತನಾಲ್ಕಕ್ಕೆ ಹೋದೆ; ಅದಕ್ಕೂ ಇಲ್ಲ. ಹಿಂದಿನದು ಇತ್ಯರ್ಥವಾಗದೆ ಮುಂದಕ್ಕೆ ಬಿಡುವವರಲ್ಲ ಅವರು ಎಂದೂ. ಏನನ್ನಿಸಿತೋ, ಅದೇ ಸಾಲಿನ ಅಂಕಿಯನ್ನು ಒಂದೊಂದೇ ಇಳಿಸುತ್ತ ಬಂದೆ. ಮೂರು ಆರು. ಮೂರು ಐದು. ಮೂರು ನಾಲ್ಕು. ಮೂರು ಮೂರು. ಮೂರು ಎರಡು. ಗೋಡೆಯ ಕಡೆಗಿದ್ದ ಮುಖ ಅಲುಗಲಿಲ್ಲ. ಒಂದು ಪಾಯಿಂಟ್ ಮೂರು ಒಂದು ಎಂದೆ.

"ಹೂಂ."

ಅಲ್ಲಿಂದ ಕೊನೆಯ ಸಾಲಿನವರೆಗೆ ಒಂದಕ್ಕೂ ತಪ್ಪಲಿಲ್ಲ. ಮುಗಿದ ಮೇಲೆ ಮತ್ತೆ ಕಲ್ಲು. ಸರೋಜಮ್ಮ "ಅಪ್ಪಾಜಿ, ಅಪ್ಪಾಜಿ" ಎಂದು ಎಷ್ಟು ಕರೆದರೂ ಕಣ್ಣು ಮಿಟುಕಿಸಲಿಲ್ಲ.

"ಹೇಲು ಉಚ್ಚೆ ಬಾಚಿದೋಳು ನಾನು. ನನಗೊಂದು ಹೂಂ ಇಲ್ವಲ್ಲಣ್ಣ" ಎಂದು ಆಕೆ ಅತ್ತರು. ನಾನು ಸಮಾಧಾನ ಹೇಳಲಿಲ್ಲ. ಈ ಕಾಗದದ ವಿಷಯ ಯಾರಿಗೂ ಹೇಳಬೇಡಿ ಎಂದು ಹೇಳಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತು ಇಪ್ಪತ್ತಮೂರನೆಯ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಆ ಅಂಕಿ ಬರೆದಿಟ್ಟುಕೊಂಡೆ.

ಕಚೇರಿಗೆ ಹಿಂತಿರುಗಿದ ಮೇಲೆ ತಾಳೆ ನೋಡಿಸಿದೆ. ಸ್ಥಾವರದವರ ಕಡತ, ನಮ್ಮ ಕಡತ ಎರಡರಲ್ಲೂ ಒಂದು ಪಾಯಿಂಟ್ ಮೂರು ಏಳು. ಮೂಲ ದಾಖಲೆ ಬೇರೆ ಊರಿನ ಪ್ರಯೋಗಾಲಯದಲ್ಲಿತ್ತು. ತರಿಸಿದರೆ ಸಭೆ ಒಂದು ತಿಂಗಳು ಮುಂದೆ ಹೋಗುತ್ತಿತ್ತು. ಏಕೆ ಬೇಕು ಎಂದು ಕೇಳಿದರೆ ಏನು ಹೇಳಲಿ? ಹಿರಿಯೂರಿನಲ್ಲಿ ಲಕ್ವ ಹೊಡೆದವರೊಬ್ಬರು ಹೂಂ ಅನ್ನಲಿಲ್ಲ ಎಂದೇ? ಅದನ್ನು ಹೇಳಬೇಕಾದರೆ ಕಾಗದ ಹೊರಗೆ ಒಯ್ದದ್ದನ್ನೂ ಹೇಳಬೇಕು. ನನ್ನ ಬಡ್ತಿಯ ಕಡತವೂ ಅದೇ ತಿಂಗಳು ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ನೆಪ ಹೇಳಲು ಬೇಕಾದಷ್ಟು ದಾರಿಯಿತ್ತು, ಮಾದರಿಗೆ ಒಂದೆರಡು ಸಾಲು ಪರೀಕ್ಷಿಸಬೇಕು ಎಂದಿದ್ದರೂ ಸಾಕಿತ್ತು. ನಾನು ರಬ್ಬರು ತೆಗೆದುಕೊಂಡು ಪೆನ್ಸಿಲಿನ ಗುರುತನ್ನು ಅಳಿಸಿದೆ. ಸಭೆಯಲ್ಲಿ ಸಹಿ ಹಾಕಿದೆ.

ಗುರುಸಿದ್ದಪ್ಪನವರು ಆ ವಾರವೇ ತೀರಿಕೊಂಡರು. ಸರೋಜಮ್ಮ ಫೋನಿನಲ್ಲಿ ಹೇಳಿದರು: ನಾನು ಬಂದುಹೋದ ಮೇಲೆ ಆಕೆ ಪಂಚಾಂಗ, ಮಕ್ಕಳ ಮಗ್ಗಿ ಪುಸ್ತಕ, ಬಸ್ಸಿನ ವೇಳಾಪಟ್ಟಿ, ಕೈಗೆ ಸಿಕ್ಕಿದ ಅಂಕಿಯನ್ನೆಲ್ಲ ಓದಿ ನೋಡಿದರಂತೆ. ಒಂದಕ್ಕೂ ಹೂಂ ಬರಲಿಲ್ಲವಂತೆ. ಶಿವಗಣಾರಾಧನೆಗೆ ಕರೆದರು. ಕೆಲಸದ ಒತ್ತಡವೆಂದು ಹೇಳಿ ಹೋಗಲಿಲ್ಲ.

ಒಂದೂವರೆ ವರ್ಷದ ಮೇಲೆ ಆ ಸ್ಥಾವರದಲ್ಲಿ ಇಂಧನದ ಕೆಲವು ಕಡ್ಡಿಗಳು ಬಿರಿದವು. ಸಾರ್ವಜನಿಕರಿಗೆ ಯಾವ ಅಪಾಯವೂ ಇಲ್ಲ ಎಂದು ಪ್ರಕಟಣೆ ಬಂತು. ಅದು ಸುಳ್ಳಲ್ಲ. ಒಳಗೆ ಕೊಳವೆಗಳನ್ನು ತೊಳೆಯಲು ಇಳಿದ ಗುತ್ತಿಗೆ ಕೂಲಿಗಳು ಮಾತ್ರ ಸಾರ್ವಜನಿಕರಲ್ಲ. ಅವರ ಮೈ ಮಿತಿಗಿಂತ ಹೆಚ್ಚು ವಿಕಿರಣ ಹಿಡಿದಿತ್ತು. ಹಾಗಾದವರನ್ನು ಆ ಕೆಲಸಕ್ಕೆ ಮತ್ತೆ ಇಳಿಸುವಂತಿಲ್ಲವೆಂಬ ನಿಯಮವಿದೆ, ಆದ್ದರಿಂದ ಮನೆಗೆ ಕಳಿಸಿದರು. ನಮ್ಮ ವರದಿಯಲ್ಲಿ ಅವರ ಹೆಸರಿಲ್ಲ, ವಿಕಿರಣ ಅಳೆಯಲು ಅಂಗಿಗೆ ಸಿಕ್ಕಿಸಿದ ಬಿಲ್ಲೆಯ ನಂಬರುಗಳಿವೆ.

ಆಗ ವಿಚಾರಣೆಗೆಂದು ಮೂಲ ದಾಖಲೆ ಬಂತು. ಯಾರೋ ಟೈಪು ಮಾಡುವಾಗ ಇಪ್ಪತ್ತೆರಡನೆಯ ಸಾಲಿನ ಅಂಕಿಯನ್ನೇ ಇಪ್ಪತ್ತಮೂರಕ್ಕೂ ಹೊಡೆದಿದ್ದರು. ಆ ಟೈಪಿನ ನಕಲೇ ಸ್ಥಾವರದವರ ಕಡತ, ಅದರ ನಕಲೇ ನಮ್ಮದು. ನಕಲಿಗೆ ನಕಲು ತಾಳೆಯಾಗದೆ ಇನ್ನೇನು? ದಾಖಲೆಯಲ್ಲಿ ಇಪ್ಪತ್ತಮೂರನೆಯ ಸಾಲಿನಲ್ಲಿದ್ದದ್ದು ಒಂದು ಪಾಯಿಂಟ್ ಮೂರು ಒಂದು.

ನರರೋಗದ ವೈದ್ಯನಾದ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ತಿಳಿವಳಿಕೆ ಹೋದರೂ ಮೈಗಂಟಿದ ಅಭ್ಯಾಸ ಉಳಿಯುತ್ತದೆ ಎಂದ. ಇರಬಹುದು. ಅವರು ಎಂದೂ ಕಾಣದ ದಾಖಲೆಯ ಅಂಕಿ ಅಭ್ಯಾಸಕ್ಕೆ ಹೇಗೆ ಗೊತ್ತಾಯಿತು ಎಂದರೆ ಮಾತು ಬದಲಿಸಿದ. ನನ್ನ ದನಿಯಲ್ಲೇ ಗುರುಸಿದ್ದಪ್ಪನವರಿಗೆ ಏನೋ ಅನುಮಾನ ಕೇಳಿಸಿತೇ ಎಂದು ಯೋಚಿಸಿದ್ದೇನೆ. ನನಗೆ ಅನುಮಾನವೇ ಇರಲಿಲ್ಲವಲ್ಲ. ಕಾಕತಾಳೀಯವೆಂದು ಬಿಡೋಣವೆಂದರೆ ಮನಸ್ಸು ಒಪ್ಪುವುದಿಲ್ಲ. ದೆವ್ವ ಭೂತವೆಂದರೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಮಧ್ಯಾಹ್ನ ಏನಾಯಿತೆಂದು ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವ ಭರವಸೆಯೂ ಇಲ್ಲ.

ವಿಚಾರಣೆಯವರು ಸಹಿ ಹಾಕಿದ ಎಲ್ಲರಿಗೂ ಒಂದು ಪ್ರಶ್ನಾವಳಿ ಕಳಿಸಿದ್ದರು. ಸಹಿ ಹಾಕುವ ಮುನ್ನ ಈ ಸಾಲಿನ ಬಗ್ಗೆ ನಿಮಗೆ ಯಾವುದಾದರೂ ಸಂಶಯ ಬಂದಿತ್ತೇ ಎಂಬುದು ಕೊನೆಯ ಪ್ರಶ್ನೆ. ಉತ್ತರಕ್ಕೆ ಅರ್ಧ ಪುಟ ಜಾಗ ಬಿಟ್ಟಿದ್ದರು. ಅಷ್ಟು ಹೊತ್ತಿಗೆ ನನಗೆ ಬಡ್ತಿ ಸಿಕ್ಕಿತ್ತು. ನಾನು "ಇಲ್ಲ" ಎಂದು ಬರೆದು ಕಳಿಸಿದೆ.