ಹೊಗೆ ಏಳದ ಭಾನುವಾರ

ಶನಿವಾರ ಸಂಜೆಯಾಯಿತೆಂದರೆ ಮಾರ್ಸಲಿಯ ಕಾಲಿಗೆ ಚಕ್ರ ಕಟ್ಟಿದ ಹಾಗೆ. ಮರುದಿನಕ್ಕೂ ಸಾಲುವಷ್ಟು ನೀರು ಬಾವಿಯಿಂದ ಬರಬೇಕು. ಆಲೂಗಡ್ಡೆಯ ಸಿಪ್ಪೆ ಸುಲಿದಾಗಬೇಕು, ಮಾಂಸದ ಸಾರು ಕುದಿದು ಕೆಳಗಿಳಿಯಬೇಕು, ಬೂಟು ಫಳಫಳ ಹೊಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಂಗಳದ ಬಣವೆಯಿಂದ ಪೀಟನ್ನು ಬೆನ್ನುಬುಟ್ಟಿಯಲ್ಲಿ ಹೊತ್ತು ತಂದು ಒಲೆಯ ಪಕ್ಕದಲ್ಲಿ ಪೇರಿಸಬೇಕು. ಲೂಯಿಸ್ ದ್ವೀಪದಲ್ಲಿ ಮರವೆಲ್ಲಿದೆ? ಜೌಗುನೆಲದಿಂದ ಕಡಿದು ಒಣಗಿಸಿದ ಆ ಕಪ್ಪು ಹೆಂಟೆಗಳೇ ಸೌದೆ. ಭಾನುವಾರವೆಂದರೆ ಸಬ್ಬತ್, ದೇವರು ವಿಶ್ರಾಂತಿಗೆಂದು ಇಟ್ಟ ದಿನ; ಅಂದು ಹಸುವಿನ ಹಾಲು ಕರೆಯುವುದೊಂದನ್ನು ಬಿಟ್ಟರೆ ಬೇರೆ ಕೆಲಸಕ್ಕೆ ಕೈ ಹಾಕುವಂತಿರಲಿಲ್ಲ. ಮಾರ್ಸಲಿ ತನ್ನ ಹುಂಜವನ್ನೂ ಶನಿವಾರವೇ ಬುಟ್ಟಿಯಡಿ ಮುಚ್ಚಿಡುತ್ತಿದ್ದಳು. ಪಾಪ, ಅದಕ್ಕೂ ನೇಮ ತಪ್ಪಲಿಲ್ಲ.

ಆದರೆ ದೇವರ ದಿನ ಅವಳು ಕೈಗೆ ವಿಶ್ರಾಂತಿ ಕೊಟ್ಟಳೇ ಹೊರತು ಕಣ್ಣಿಗೆ ಕೊಟ್ಟವಳಲ್ಲ. ಯಾರ ತಂತಿಯ ಮೇಲೆ ಬಟ್ಟೆ ಉಳಿದಿದೆ, ಯಾರು ಬಾವಿಯ ಕಡೆ ಹೊರಟರು, ಎಲ್ಲವೂ ಅವಳ ಕಿಟಕಿಗೆ ಗೊತ್ತು. ಕೆಳಗಿನ ಮನೆಯ ರೋನಡ್ ಭಾನುವಾರ ಸಿಳ್ಳೆ ಹಾಕಿದ್ದನ್ನು ಕೇಳಿಸಿಕೊಂಡು ಊರಿಗೆಲ್ಲ ಸಾರಿದವಳೂ ಇವಳೇ. ರೋನಡ್‌ಳ ಗಂಡ ತಿಮಿಂಗಿಲ ಬೇಟೆಯ ಹಡಗಿನಲ್ಲಿದ್ದ. ಅವಳು ಮನಸ್ಸು ಬಂದರೆ ಚರ್ಚಿಗೆ ಬರುತ್ತಿದ್ದಳು, ಬಾರದಿದ್ದರೆ ಇಲ್ಲ. ಮಾರ್ಸಲಿಯ ಪ್ರಕಾರ ಊರು ಕೆಟ್ಟಿದ್ದಕ್ಕೆ ಇಷ್ಟು ಸಾಕ್ಷಿ ಸಾಕಿತ್ತು.

ಆ ವರ್ಷ ಮಾರ್ಸಲಿಗೆ ಇನ್ನೊಂದು ಆಸೆ ಹುಟ್ಟಿತ್ತು. ಚರ್ಚಿಗೆ ಬಂದವರೆಲ್ಲ ಕರ್ತನ ಮೇಜಿಗೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಪದ್ಧತಿ ಅಲ್ಲಿಲ್ಲ. ಸಭೆಯ ಹಿರಿಯರು ಕೇಳಿ, ತೂಗಿ, ಒಪ್ಪಬೇಕು. ಹೆಚ್ಚಿನವರು ಹಿಂದಿನ ಬೆಂಚಿನಲ್ಲಿ ಕೂತೇ ಮುದುಕರಾಗುತ್ತಾರೆ. ಮಾರ್ಸಲಿಯ ತಲೆಯೂ ನೆರೆತಿತ್ತು. ಈ ಶರತ್ಕಾಲದ ಪ್ರಭುಭೋಜನಕ್ಕೆ ತಾನು ಎದ್ದು ಮುಂದೆ ಹೋಗಲೇಬೇಕೆಂದು ಅವಳು ಹಟ ತೊಟ್ಟಿದ್ದಳು. ಆ ಹಿರಿಯರಲ್ಲೊಬ್ಬನಾದ ಫಿನ್ಲೆ ಅವಳ ಪರವಾಗಿ ಮಾತಾಡಿದರೆ ಆಯಿತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಟಾರ್ಮಡ್‌ನ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲ.

ಟಾರ್ಮಡ್ ಮದುವೆಯಾಗದ ಮುದುಕ, ಒಂದು ಕಾಲದ ನಾವಿಕ. ಅವಳ ಬೇಲಿಯಾಚೆಯೇ ಅವನ ಮನೆ. ನಿನ್ನೆ ಅವನ ಬೆನ್ನುಬುಟ್ಟಿ ಗೋಡೆಯ ಮೊಳೆ ಬಿಟ್ಟು ಕದಲಿರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. "ಸೋಮಾರಿ! ಒಂದು ದಿನ ನಡುಗಿದರೆ ಬುದ್ಧಿ ಬರುತ್ತದೆ" ಅಂದುಕೊಂಡಳು. ಮರುಕ್ಷಣವೇ, ಕಾಯಿಲೆ ಬಿದ್ದಿದ್ದರೆ ಅನ್ನಿಸಿತು. ಕೈ ಬಾಗಿಲ ಅಗುಳಿಗೆ ಹೋಯಿತು. ಆದರೆ ಹೊರಗೆ ದಾರಿಯ ತುಂಬ ಕಪ್ಪು ಕೋಟು ತೊಟ್ಟ ಜನ ಚರ್ಚಿಗೆ ಹೊರಟಿದ್ದರು. ನಡುವೆ ಫಿನ್ಲೆ. ಅವರೆಲ್ಲರ ಕಣ್ಣೆದುರು ಬುಟ್ಟಿ ಬೆನ್ನಿಗೇರಿಸಿಕೊಂಡು ಹೋಗುವುದೇ? ಅವಳು ಅಗುಳಿಯಿಂದ ಕೈ ತೆಗೆದು ಬೈಬಲ್ ಎತ್ತಿಕೊಂಡಳು.

ಆರಾಧನೆ ಮುಗಿಸಿ ಬಂದಾಗ ಹೊಗೆ ಎದ್ದಿತ್ತು. ಎದೆಯ ಭಾರ ಇಳಿಯಿತು. ಅಷ್ಟರಲ್ಲಿ ನೆಲದ ಮೇಲೆ ಪೀಟಿನ ಕಪ್ಪು ಪುಡಿ ಕಣ್ಣಿಗೆ ಬಿತ್ತು. ಅದು ಟಾರ್ಮಡ್‌ನ ಹೊಸ್ತಿಲಿಂದ ಹೊರಟು ನೇರವಾಗಿ ಅವಳದೇ ಬಣವೆಗೆ ಬಂದು ಮುಟ್ಟಿತ್ತು! ಸಬ್ಬತ್ ದಿನ, ಅದೂ ಅವಳ ಬಣವೆಯಿಂದ! ಚರ್ಚಿನಿಂದ ಮರಳುತ್ತಿದ್ದ ಹೆಂಗಸರು ಪುಡಿಯನ್ನೂ ಅವಳನ್ನೂ ನೋಡಿ, ಒಬ್ಬರನ್ನೊಬ್ಬರು ತಿವಿದು ಮುಂದೆ ಹೋದರು. ಅಂದು ಅವಳು ಸಾರಿನ ಬಟ್ಟಲನ್ನು ಹಾಗೇ ಸರಿಸಿಟ್ಟಳು. ಟಾರ್ಮಡ್‌ನ ಚಿಂತೆಯಿಂದಲ್ಲ, ತನ್ನ ಹೆಸರು ಕೆಟ್ಟೀತೆಂಬ ಚಿಂತೆಯಿಂದ.

ಸೋಮವಾರ ಫಿನ್ಲೆ ಬಂದ. "ಟಾರ್ಮಡ್‌ನ ನೋಡ್ಕೊಂಡು ಬರೋಣ ಬಾ ಮಾರ್ಸಲಿ" ಎಂದ. ಅಲ್ಲಿ ಮುದುಕ ದಿಂಬಿಗೊರಗಿ ಕೆಮ್ಮುತ್ತಿದ್ದ. ರೋನಡ್ ಒಲೆಯ ಮುಂದೆ ಓಟ್ಸ್ ಗಂಜಿ ತಿರುವುತ್ತಿದ್ದಳು.

"ನಿನ್ನೆ ಇವನಿಗೆ ಜ್ವರ ನೆತ್ತಿಗೇರಿತ್ತಂತೆ" ಎಂದು ಫಿನ್ಲೆ ಶುರುಮಾಡಿದ. "ಯಾರೋ ಹೆಂಗಸು ಬುಟ್ಟಿ ಇಳಿಸಿ ಬೆಂಕಿ ಹಾಕಿದ್ದು ನೆನಪಿದೆ, ಮುಖ ಕಾಣ್ಲಿಲ್ಲ ಅಂತಾನೆ. ನೀನೇ ಅಂತ ಇವನ ನಂಬಿಕೆ. ಪುಡಿ ಬೇರೆ ನಿನ್ನ ಬಣವೆ ತನಕ ಬಿದ್ದಿದೆ. ನಿಜವಾ?"

ಮಾರ್ಸಲಿಯ ಮೈಯೆಲ್ಲ ಉರಿಯಿತು.

"ನಾನಾ? ಸಬ್ಬತ್ ದಿನ ಬುಟ್ಟಿ ಹೊರೋಳಾ ನಾನು? ಫಿನ್ಲೆ ಅಣ್ಣ, ಹುಟ್ಟಿದಾಗಿಂದ ನೋಡಿದ್ದೀಯ ನನ್ನ! ಹೊಗೆ ಬರ್ತಿಲ್ಲ ಅಂತ ಬೆಳಿಗ್ಗೇನೇ ನೋಡಿದ್ದೆ. ಕಾಯಿಲೆಯೇನೋ ಅಂತಲೂ ಅನ್ನಿಸ್ತು. ಆದ್ರೂ ಹೊಸ್ತಿಲು ದಾಟ್ಲಿಲ್ಲ. ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ."

ರೋನಡ್‌ಳ ಸೌಟು ನಿಂತಿತು.

ಟಾರ್ಮಡ್ ನಿಧಾನವಾಗಿ ತಲೆ ಎತ್ತಿದ. "ನೋಡಿದ್ಯಾ ಮಾರ್ಸಲಿ? ನಾನು, ಯಾರಿಗೂ ಕಂಡಿರ್ಲಿಕ್ಕಿಲ್ಲ ಅಂದ್ಕೊಂಡಿದ್ದೆ." ಕೆಮ್ಮು ತಡೆದುಕೊಂಡು ಮತ್ತೆ ಕೇಳಿದ, "ನಿನ್ನೆ ಹಸು ಕರೆದ್ಯಾ?"

"ಕರೀದೆ? ಬಿಟ್ರೆ ಕೆಚ್ಚಲು ಬಿಗಿದು ನರಳೋದಿಲ್ವಾ ಪಾಪ" ಎಂಬ ಮಾತು ಅವಳ ಬಾಯಿಂದ ತಾನಾಗಿ ಬಂದುಬಿಟ್ಟಿತು. ಬಂದ ಮೇಲೆ ಅವಳದೇ ಕಿವಿಗೆ ಬಿತ್ತು.

ರೋನಡ್ ಇವಳ ಕಡೆ ತಿರುಗಿದಳು. "ನಾನೇ ತಂದದ್ದು ಅಕ್ಕ. ಅಜ್ಜನ ಪೀಟೆಲ್ಲ ನೆನೆದು ಮುದ್ದೆಯಾಗಿತ್ತು, ನಿಮ್ಮದು ಹತ್ರ ಇತ್ತು. ಕೇಳೋಣ ಅಂದ್ರೆ ನೀವು ಚರ್ಚಲ್ಲಿ. ಎಚ್ಚರ ಆದಾಗಿಂದ ಅಜ್ಜ ನಿಮ್ಮ ಹೆಸರು ಹೇಳಿ ಹರಸ್ತಾನೇ ಇದ್ದ. ಪೀಟ್ ನಿಮ್ಮದೇ ಅಲ್ವಾ, ಹರಸ್ಲಿ ಬಿಡು ಅಂತ ಸುಮ್ನಿದ್ದೆ."

ಸಿಳ್ಳೆ ಹಾಕುವವಳು ತನಗೆ ಬರಬೇಕಾದ ಆಶೀರ್ವಾದವನ್ನು ಇವಳ ಹೆಸರಿಗೆ ಬಿಟ್ಟುಕೊಟ್ಟಿದ್ದಳು. ಅದನ್ನು ಕೈ ಚಾಚಿ ತೆಗೆದುಕೊಳ್ಳುವ ಯೋಗ್ಯತೆಯೂ ಮಾರ್ಸಲಿಗೆ ಉಳಿದಿರಲಿಲ್ಲ.

ಹೊರಗೆ ಬಂದ ಮೇಲೆ ಫಿನ್ಲೆ ತನ್ನ ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತ ನಿಂತ. "ನಾನು ಬೈಯೋಕೆ ಬಂದಿರ್ಲಿಲ್ಲ ಮಾರ್ಸಲಿ. ನಿನ್ನ ವಿಷಯದಲ್ಲಿ ನನಗೊಂದು ಅನುಮಾನ ಇತ್ತು. ಇವಳಿಗೆ ನೇಮ ಗೊತ್ತು, ಅದನ್ನ ಕೊಟ್ಟವನು ಗೊತ್ತಾ ಅಂತ. ಪುಡಿ ನೋಡಿ ಖುಷಿಯಾಗಿತ್ತು. ನಿನ್ನ ಪರವಾಗಿ ಮಾತಾಡೋಣ ಅಂತಲೇ ಹೊರಟಿದ್ದೆ."

ಮಾರ್ಸಲಿ ನೆಲದ ಮೇಲಿನ ಪುಡಿಯನ್ನೇ ನೋಡುತ್ತ ನಿಂತಳು.

"ದಣಿದೋರಿಗೆ ಅಂತ ದೇವರು ಕೊಟ್ಟ ದಿನ ಕಣಮ್ಮ ಅದು. ನಿನ್ನೆ ಊರಿಗೆಲ್ಲ ವಿಶ್ರಾಂತಿ ಸಿಕ್ತು, ಇವನೊಬ್ಬನಿಗೆ ಬಿಟ್ಟು" ಎಂದು ಹೇಳಿ ಫಿನ್ಲೆ ಟೋಪಿ ಹಾಕಿಕೊಂಡು ಹೋದ.

ಪ್ರಭುಭೋಜನದ ಭಾನುವಾರ ಬಂತು. ಮಾರ್ಸಲಿ ಹಿಂದಿನ ಬೆಂಚಿನಲ್ಲೇ ಕೂತಳು. ಮುಂದೆ ಹೋಗುವವರನ್ನು ಎಣಿಸಲಿಲ್ಲ, ಯಾರು ಯೋಗ್ಯರು ಯಾರಲ್ಲ ಎಂದು ಅಳೆಯಲಿಲ್ಲ. ತಲೆ ಎತ್ತಿದರೆ ಜನರೆಲ್ಲ ತನ್ನನ್ನೇ ನೋಡುತ್ತಾರೆಂದು ಅವಳಿಗೆ ಅನ್ನಿಸುತ್ತಿತ್ತು. ನಾಚಿಕೆಯಿಂದ ಅವಳು ಹಿಡಿಯಾಗಿದ್ದಳು. ಊರವರ ಮುಂದಿನ ನಾಚಿಕೆಯನ್ನಾದರೂ ಹೇಗೋ ಸಹಿಸಬಹುದಿತ್ತು. ರಾತ್ರಿ ಪ್ರಾರ್ಥನೆಗೆ ಮಂಡಿಯೂರಿದರೆ ಬಾಯಿಗೆ ಬರುತ್ತಿದ್ದುದು ಕೆಚ್ಚಲಿನ ಮಾತೊಂದೇ.

ಮುಂದಿನ ಶನಿವಾರ ಬಾಗಿಲು ತಟ್ಟಿದ ಸದ್ದಾಯಿತು. ಟಾರ್ಮಡ್ ಬೆನ್ನುಬುಟ್ಟಿ ತುಂಬ ಪೀಟ್ ಹೊತ್ತು ಏದುಸಿರು ಬಿಡುತ್ತಾ ನಿಂತಿದ್ದ.

"ಅಯ್ಯೋ, ಈ ಮೈಯಲ್ಲಿ ಹೊರೋದಾ ಟಾರ್ಮಡ್!"

"ಅವತ್ತು ನಿನ್ನ ಬಣವೆಯಿಂದ ಬಂದದ್ದು ವಾಪಸ್ ಕೊಡಬೇಕಲ್ಲ" ಎಂದು ಅವನು ಒಳಗೆ ಬಂದು, ಹೆಂಟೆಗಳನ್ನು ಒಲೆಯ ಪಕ್ಕದಲ್ಲಿ ಒಪ್ಪವಾಗಿ ಜೋಡಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

"ಬೇಡ ಟಾರ್ಮಡ್, ನಿನ್ನ ಕಾಲಿಗೆ ಬೀಳ್ತೀನಿ, ವಾಪಸ್ ಒಯ್ಯಿ."

"ಒಬ್ಬರ ಹಂಗಲ್ಲಿ ಇದ್ದು ರೂಢಿ ಇಲ್ಲ ನನಗೆ" ಎಂದವನೇ ಖಾಲಿ ಬುಟ್ಟಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಆ ಸಂಜೆ ಮಾರ್ಸಲಿ ಬಣವೆಯ ಕಡೆ ಹೋಗಲಿಲ್ಲ. ನೀರು ತರಲಿಲ್ಲ, ಹುಂಜವನ್ನೂ ಮುಚ್ಚಲಿಲ್ಲ. ಭಾನುವಾರ ಬೆಳಿಗ್ಗೆ ಅದು ಮನಸೋ ಇಚ್ಛೆ ಕೂಗಿತು. ಬೆಂಕಿ ಆರಿಹೋಗಿತ್ತು. ಆ ಹೆಂಟೆಗಳು ಒಲೆಯ ಪಕ್ಕದಲ್ಲೇ ಇದ್ದವು, ಎತ್ತಿ ಹಾಕಲು ಅವಳಿಗೆ ಕೈ ಬರಲಿಲ್ಲ. ಶಾಲು ಹೊದ್ದು ತಣ್ಣಗಾದ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಹೊರಗೆ ಚರ್ಚಿಗೆ ಹೊರಟವರ ಬೂಟಿನ ಸದ್ದು ಕೇಳುತ್ತಿತ್ತು.

ಅಗುಳಿ ಮೇಲೆದ್ದಿತು. ಬಾಗಿಲಲ್ಲಿ ರೋನಡ್. ಬೆನ್ನಿನ ಮೇಲೆ ತುಂಬಿದ ಬುಟ್ಟಿ, ಅವಳ ಹಿಂದೆ ದಾರಿಯಲ್ಲಿ ತಡೆದು ನಿಂತ ಕಪ್ಪು ಕೋಟುಗಳು.

"ಏನಕ್ಕಾ, ಹುಷಾರಿಲ್ವಾ? ಹೊಗೆ ಕಾಣ್ಲಿಲ್ಲ, ಬಂದೆ." ಬುಟ್ಟಿ ಇಳಿಸಿದವಳಿಗೆ ಒಲೆಯ ಪಕ್ಕದ ಸಾಲು ಕಂಡಿತು. "ಅಯ್ಯೋ, ಇಲ್ಲೇ ಇಷ್ಟೊಂದು ಇದೆಯಲ್ಲ!"

"ಅವನ್ನ ಮುಟ್ಟಬೇಡ ಕಣೇ. ಯಾವ ಮುಖ ಇಟ್ಕೊಂಡು ಉರಿಸ್ಲಿ" ಎಂದು ಮಾರ್ಸಲಿ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು.

ರೋನಡ್ ಮತ್ತೇನೂ ಕೇಳಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೂದಿ ಕೆದರಿ, ತನ್ನ ಬುಟ್ಟಿಗೆ ಕೈ ಹಾಕಿದಳು.