ಕಚ್ಚಿಟ್ಟು ಹೋದ ರೊಟ್ಟಿ

ಬೆಳಗಿನ ಬಾಂಗು ಮುಗಿಯುವಷ್ಟರಲ್ಲಿ ರೊಕಿಯಾ ಅವರ ಮೊದಲ ರೊಟ್ಟಿ ಗಾಳಿಯಲ್ಲಿರುತ್ತದೆ. ಎಣ್ಣೆಯಲ್ಲಿ ನೆನೆದ ಮೈದಾ ಉಂಡೆಯನ್ನು ಅಂಗೈಯಲ್ಲಿ ತಟ್ಟಿ, ಎತ್ತಿ ಬೀಸಿ, ಸೆರಗಿನಷ್ಟು ತೆಳ್ಳಗೆ ಹರಡಿ, ಮಡಚಿ ಕಾವಲಿಗೆ ಹಾಕುತ್ತಾರೆ. ಪಕ್ಕದ ಒಲೆಯಲ್ಲಿ ತೆಂಗಿನ ಹಾಲಿನ ಅನ್ನ ಬೇಯುತ್ತಿದೆ. ಮಲೇಷ್ಯಾದ ಈಪೊ ಪಟ್ಟಣದ ಅಂಚಿನ ಈ ಹಾಸ್ಟೆಲಿನಲ್ಲಿ ಹದಿನಾಲ್ಕು ದೇಶಗಳ ಹೆಣ್ಣುಮಕ್ಕಳು ಇನ್ನೂ ಮಲಗಿದ್ದಾರೆ. ಎದ್ದ ಕೂಡಲೇ ಎಲ್ಲರಿಗೂ ತಿಂಡಿ ಬೇಕು. ದಿನಕ್ಕೆ ಇನ್ನೂರರ ಮೇಲೆ ರೊಟ್ಟಿ.

"ಒಬ್ಬಳಿಗೆ ಖಾರ ಆಗಲ್ಲ. ಇನ್ನೊಬ್ಬಳಿಗೆ ಖಾರ ಇಲ್ದಿದ್ರೆ ಅದು ತಿಂಡಿನೇ ಅಲ್ಲ. ಮತ್ತೊಬ್ಬಳು ಮೊಟ್ಟೆ ಕಂಡ್ರೆ ಓಡ್ತಾಳೆ," ಎನ್ನುತ್ತಾರೆ ರೊಕಿಯಾ. "ಏನ್ ಮಾಡೋದು, ಎಲ್ಲಾ ನನ್ನ ಮಕ್ಕಳೇ."

"ಮಕ್ಕಳಂತೆ ಮಕ್ಕಳು! ಹೆತ್ತ ಮಗಳಿಗೆ ಯಾವತ್ತಾದ್ರೂ ಇಷ್ಟು ರೊಟ್ಟಿ ಸುಟ್ಟು ಕೊಟ್ಟಿದ್ಯಾ ನೀನು?" ಎಂದು ಪಾತ್ರೆ ತೊಳೆಯುವ ಲೆಚ್ಚುಮಿ ಕೆಣಕುತ್ತಾರೆ. ಇಬ್ಬರೂ ಈ ಒಂದೇ ಅಡುಗೆಮನೆಯಲ್ಲಿ ತಲೆ ನರೆಸಿಕೊಂಡವರು.

ಹುಡುಗಿಯರಿಗೆ ರೊಕಿಯಾ 'ಮಕ್‌ಚಿಕ್', ಅಂದರೆ ಚಿಕ್ಕಮ್ಮ. ಅವರೂ ಒಂದು ಕಾಲಕ್ಕೆ ಹಾಸ್ಟೆಲಿನ ಹುಡುಗಿಯೇ. ಅಪ್ಪ ಆಸೆಪಟ್ಟು ಪೆನಾಂಗಿನ ಶಾಲೆಗೆ ಸೇರಿಸಿದ್ದರು. ಒಂದೇ ತಿಂಗಳಿಗೆ ರೊಕಿಯಾ ಟ್ರಂಕು ಹೊತ್ತು ವಾಪಸು ಬಂದರು. "ಅಲ್ಲಿ ಬೈಯೋರಿರಲಿಲ್ಲ, ಹೊಡೆಯೋರಿರಲಿಲ್ಲ. ಊಟ ಆಯ್ತಾ ಅಂತ ಕೇಳೋರೂ ಇರಲಿಲ್ಲ. ಅಷ್ಟಕ್ಕೇ ಓದು ಬಿಟ್ಟೆ ಅಂದ್ರೆ ಈಗಿನೋರು ನಗ್ತಾರೆ." ಇದರಲ್ಲಿ ನಗುವಂಥದ್ದೇನೂ ಇಲ್ಲ. ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಹಿಡಿದ ಸೌಟನ್ನು ಅವರು ಇನ್ನೂ ಕೆಳಗಿಟ್ಟಿಲ್ಲ. ಮೊಣಕೈವರೆಗೂ ಸುಟ್ಟ ಕಲೆಗಳಿವೆ, ಮಂಡಿ ನೋವು ಬೇರೆ.

ಹೋದ ವರ್ಷ ಸಮರ್‌ಕಂದ್‌ನಿಂದ ದಿಲ್ಫುಜಾ ಎಂಬ ಹುಡುಗಿ ನರ್ಸಿಂಗ್ ಓದಲು ಬಂದಳು. ಇಲ್ಲಿನ ಮೆಣಸಿನ ಚಟ್ನಿ ನಾಲಿಗೆಗೆ ತಾಗಿದ್ದೇ ತಡ, ಕಣ್ಣು ಮೂಗಲ್ಲೆಲ್ಲ ನೀರು. ಅವಳಿಗೆಂದೇ ರೊಕಿಯಾ ಸಪ್ಪೆ ಆಲೂಗಡ್ಡೆ ಸಾರು ಮಾಡತೊಡಗಿದರು. ಅವಳು ಪುಸ್ತಕ ಹಿಡಿದು ಅಡುಗೆಮನೆಗೇ ಬಂದು ಕೂರುತ್ತಿದ್ದಳು. "ಮಕ್‌ಚಿಕ್, ಕೈ ಕೊಡಿ," ಎಂದು ಹಿಟ್ಟು ಮೆತ್ತಿದ ಕೈಯನ್ನೇ ಹಿಡಿದು ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು.

ಹೀಗಿರುವಾಗ ಅವಳ ಅಪ್ಪನಿಗೆ ಲಕ್ವ ಹೊಡೆಯಿತು. ಮನೆಗೆ ಹಿರಿಮಗಳು, ಹೋಗಲೇಬೇಕು. ಕಾಲೇಜು ಒಂದು ಸೆಮಿಸ್ಟರಿಗೆ ರಜೆ ಕೊಟ್ಟಿತು. ಮುಂದಿನದಕ್ಕೆ ಬರದಿದ್ದರೆ ಸೀಟು ಹೋದಂತೆಯೇ. ಹೊರಡುವ ಬೆಳಿಗ್ಗೆ ರೊಕಿಯಾ ಬಿಸಿ ರೊಟ್ಟಿ ಕೊಟ್ಟರು. ಅವಳು ಒಂದು ತುತ್ತು ಕಚ್ಚಿ, ಉಳಿದದ್ದನ್ನು ಎರಡೂ ಕೈಯಿಂದ ಅವರಿಗೇ ಹಿಂತಿರುಗಿಸಿದಳು. "ಇಟ್ಕೊಂಡಿರಿ ಮಕ್‌ಚಿಕ್..." ಎನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಹೊರಗೆ ಕಾರು ಹಾರ್ನ್ ಹೊಡೆಯಿತು. ಹೊರಟೇಹೋದಳು.

"ಪಾಪ, ದುಃಖಕ್ಕೆ ಗಂಟಲಲ್ಲಿ ಇಳೀಲಿಲ್ಲ ಅನ್ಕೊಂಡೆ. ಎಂಜಲು ರೊಟ್ಟಿ, ಇಟ್ಕೊಂಡು ಏನ್ ಮಾಡ್ಲಿ? ಹಿತ್ತಲ ಕೋಳಿಗಳಿಗೆ ಹಾಕ್ದೆ. ಕೆಂಪು ಕೋಳಿ ಯಾರಿಗೂ ಕೊಡದೆ ಕಚ್ಕೊಂಡು ಓಡ್ತು."

ಎರಡು ವಾರದ ನಂತರ ದಿಲ್ಫುಜಾಳ ಕೋಣೆಯ ಗೆಳತಿ, ತಜಿಕಿಸ್ತಾನದ ಮನಿಜಾ, ಅಡುಗೆಮನೆಯ ಗೋಡೆಗಳನ್ನೆಲ್ಲ ಕಣ್ಣಲ್ಲೇ ಹುಡುಕಿ ಕೇಳಿದಳು: "ಅವಳು ಕಚ್ಚಿದ ರೊಟ್ಟಿ ಎಲ್ಲಿ ತೂಗುಹಾಕಿದ್ದೀರಿ ಮಕ್‌ಚಿಕ್?"

"ಎಂಜಲು ರೊಟ್ಟೀನ ಯಾರಮ್ಮ ತೂಗುಹಾಕ್ತಾರೆ?"

"ನಮ್ಮ ಕಡೆ ಮನೆ ಬಿಟ್ಟು ಹೊರಡೋರು ಹಾಗೆ ಕಚ್ಚಿಟ್ಟು ಹೋಗ್ತಾರೆ. ಉಳಿದದ್ದು ತಿನ್ನೋಕೆ ಅವರು ವಾಪಸ್ ಬರ್ಲೇಬೇಕು."

ರೊಕಿಯಾ ಹಿತ್ತಲ ಬಾಗಿಲಿಗೆ ಹೋಗಿ ಕೋಳಿಗಳನ್ನು ನೋಡಿದರು. ಹುಟ್ಟಿದ ಮನೆಗೆ ಹೊರಟ ಹುಡುಗಿ, ಇದನ್ನೂ ಮನೆ ಅಂತಲೇ ಎಣಿಸಿ ಹೊರಟಿದ್ದಳು. "ನನ್ನ ಕೈಗೆ ಏನು ಬಡಿದಿತ್ತೋ! ಅವಳು ಬರದೇ ಹೋದ್ರೆ ಅದು ನನ್ನಿಂದ್ಲೇ," ಎಂದು ಹಲುಬಿದರು.

ಲೆಚ್ಚುಮಿ ಸಮಾಧಾನ ಹೇಳಲು ಬಂದರು. "ಬಿಡೇ, ಇನ್ನೊಂದು ರೊಟ್ಟಿ ನಾನೇ ಕಚ್ಚಿ ತೂಗುಹಾಕ್ತೀನಿ. ಯಾರಿಗೆ ಗೊತ್ತಾಗತ್ತೆ?"

"ನಿನ್ನ ಬಾಯಿ ಎಷ್ಟು ಅಗಲ ಅಂತ ಅವಳಿಗೆ ಗೊತ್ತಿಲ್ವಾ?"

ಇಬ್ಬರೂ ನಕ್ಕರು. ಆದರೆ ರೊಕಿಯಾ ಅವರಿಗೆ ಆಮೇಲೆ ತುತ್ತು ರುಚಿಸಲಿಲ್ಲ. ಫೋನು ಮಾಡಲು ಧೈರ್ಯ ಬರಲಿಲ್ಲ. ರಂಜಾನ್ ಹಬ್ಬ ಬಂತು. ಆ ದಿನ ಇಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುತ್ತಾರೆ. ಹೊಸ ಬಟ್ಟೆ ತೊಟ್ಟು, ಹಿತ್ತಲಲ್ಲಿ ನಿಂತು, ಸಮರ್‌ಕಂದಿಗೆ ಫೋನು ಹಚ್ಚಿದರು.

"ನನ್ನ ಕ್ಷಮಿಸು ಮಗಳೇ. ನೀನು ಕಚ್ಚಿಟ್ಟ ರೊಟ್ಟೀನ ಕೋಳಿಗೆ ಹಾಕ್ಬಿಟ್ಟೆ."

ರೊಕಿಯಾ ಫೋನನ್ನು ಕಿವಿಗೆ ಒತ್ತಿ ಹಿಡಿದರು.

"ಯಾವ ಕೋಳಿ?" ಎಂದಳು ದಿಲ್ಫುಜಾ.

"ಕೆಂಪನೇದು."

"ಹಬ್ಬಕ್ಕೆ ಕೊಯ್ದ್ರಾ?"

"ಇಲ್ಲಮ್ಮ, ಇಲ್ಲೇ ಕಾಲ ಹತ್ರ ಓಡಾಡ್ತಿದೆ."

"ಹಾಗಿದ್ರೆ ರೊಟ್ಟಿ ಇನ್ನೂ ಮನೇಲೇ ಇದೆ. ಕೊಯ್ಯಬೇಡಿ ಮಕ್‌ಚಿಕ್. ಅಪ್ಪ ಈಗ ಗೋಡೆ ಹಿಡ್ಕೊಂಡು ನಡೀತಾರೆ. ನಾನು ಬರೋಕೆ ನೋಡ್ತೀನಿ." ನಗುತ್ತಲೇ ಹೇಳಿದವಳು, ಕೊನೆಗೆ ಅತ್ತೇಬಿಟ್ಟಳು. ಇವರೂ ಅತ್ತರು.

ಅಂದು ಹಬ್ಬಕ್ಕೆ ಬಂದ ಮಗಳು ಅಳಿಯನಿಗೆ ಅಂಗಡಿಯಿಂದ ತಂದ ಮಾಂಸದಲ್ಲೇ ಹಬ್ಬದೂಟ ಆಯಿತು. ಈಗಲೂ ಕಾವಲಿಯ ಕೆಲಸ ಮುಗಿದ ಕೂಡಲೇ ರೊಕಿಯಾ ಮಂಡಿ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಕೆಂಪು ಕೋಳಿಗೆ ಅಕ್ಕಿ ಚೆಲ್ಲುತ್ತಾರೆ. ಮುಂದಿನ ಸೋಮವಾರ ಹೊಸ ಸೆಮಿಸ್ಟರ್ ಶುರು. ದಿಲ್ಫುಜಾಳ ಹಾಸಿಗೆಗೆ ಒಗೆದ ಹೊದಿಕೆ ಹಾಸಿಟ್ಟಾಗಿದೆ.

"ನಂಗೆ ಬೇರೆ ಏನೂ ಬೇಡ," ಎನ್ನುತ್ತಾರೆ ಕೈ ಒರೆಸಿಕೊಳ್ಳುತ್ತ. "ಕೋಳಿ ಇದೆ. ಹುಡುಗಿ ಬರಬೇಕಷ್ಟೆ."