ಬರೀ ಕಲ್ಲು

ರಸ್ತೆ ಅಗಲ ಮಾಡುವಾಗ ಯಾವುದು ಉಳಿಯಬೇಕು, ಯಾವುದು ಏಳಬೇಕು ಎಂದು ತೀರ್ಮಾನಿಸುವ ಅಧಿಕಾರಿಗೆ ಅವರ ಕೈಕೆಳಗಿನ ನಾವು ಇಟ್ಟ ಹೆಸರು ಕಲ್ಲು ಸಾಹೇಬರು. ಅವರ ಶಾಸ್ತ್ರವೆಲ್ಲ ಒಂದೇ ಉಸಿರಿನದು: "ಜನ ಕೈ ಮುಗಿದ್ರೆ ದೇವರು, ವರ್ಷಕ್ಕೊಂದು ಹಾರ ಹಾಕಿ ಮರೆತ್ರೆ ಪ್ರತಿಮೆ, ಟಿಕೆಟ್ ತಗೊಂಡು ಒಳಗೆ ಹೋಗಿ ಗೋಡೆ ಮೇಲೆ ಹೆಸರು ಗೀಚಿದ್ರೆ ಸ್ಮಾರಕ. ಮಿಕ್ಕಿದ್ದೆಲ್ಲ ಬರೀ ಕಲ್ಲು, ಎತ್ರಿ!" ಸಾಹೇಬರು ತಾವೂ ದೇವರ ಮುಂದೆ ಚಪ್ಪಲಿ ಬಿಡುತ್ತಾರೆ, ಪ್ರತಿಮೆಯ ಮುಂದೆ ಇದು ಯಾರೆಂದು ನೆನಪಾಗದೆ ಕನ್ನಡಕ ಒರೆಸುತ್ತಾರೆ, ಸ್ಮಾರಕದ ಮುಂದೆ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ಬೆಳಗ್ಗೆ ಪೇಪರ್ ಹಿಡಿದು ಅಲುಗಾಡದೆ ಕೂತರೆ ಹೆಂಡತಿ, "ನೀವು ಇದರಲ್ಲಿ ಯಾವುದ್ರೀ? ಕೈಯಂತೂ ನಾನು ಮುಗಿಯಲ್ಲ," ಎನ್ನುತ್ತಾರೆ. ರಾತ್ರೋರಾತ್ರಿ ಅಂಗಡಿ ಮುಂದಿನ ಕಲ್ಲಿಗೆ ಬಣ್ಣ ಬಳಿದು ದೇವರು ಮಾಡಿದವರ ಹತ್ತಿರ ಅವರಿಗೆ ಮುಲಾಜಿಲ್ಲ. ಬೆರಳಿಂದ ಮುಟ್ಟಿ, "ನಿಮ್ಮ ಭಕ್ತಿ ಇನ್ನೂ ಒಣಗಿಲ್ವಲ್ಲಪ್ಪ," ಎಂದು ಮುಂದೆ ನಡೆಯುತ್ತಾರೆ. ಮೊನ್ನೆ ಹಳೇ ಮಾರುಕಟ್ಟೆಯ ತಿರುವಿನಲ್ಲಿ ಸೊಂಟದೆತ್ತರದ ಬೋಳುಗಲ್ಲೊಂದು ಅಡ್ಡ ಬಂತು. "ಕೈ ಮುಗಿಯೋರಿಲ್ಲ, ಹಾರ ಇಲ್ಲ, ಟಿಕೆಟ್ಟೂ ಇಲ್ಲ. ಎತ್ಲಾ ಸಾರ್?" ಎಂದ ಕ್ರೇನಿನವನು, ಅವರದೇ ಪಾಠ ಅವರಿಗೆ ಒಪ್ಪಿಸುತ್ತಾ. ಸಾಹೇಬರು ಅದರ ಸವೆದ ನೆತ್ತಿಯ ಮೇಲೆ ಅಂಗೈ ಇಟ್ಟು ನಿಂತೇಬಿಟ್ಟರು. ನಿಯಮ ನಿಯಮವೇ; ಬೇಡ ಎನ್ನಲಿಲ್ಲ. ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು, "ಬರೀ ಕಲ್ಲೇ ಕಣಪ್ಪ, ಎತ್ತು," ಎಂದರು. "ಆದ್ರೆ ಮೆತ್ತಗೆ. ನಮ್ಮವ್ವ ತಲೆ ಮೇಲಿನ ತರಕಾರಿ ಬುಟ್ಟಿ ಇಳಿಸಿ ಸುಧಾರಿಸ್ಕೊಳ್ತಿದ್ದಿದ್ದು ಇದರ ಮೇಲೇ."